ಅಪ್ಪನಿಗೆ ಟಾರ್ಚ್ ಯಾವುದು ಅಂತ ಕೇಳಿದ್ದೆಯಲ್ಲ

ಕಟಪಾಡಿ,
ಭಾನುವಾರ ರಾತ್ರಿ

ಪ್ರೀತಿಯ ಗೆಳೆಯಾ,

"ಅಪ್ಪನಿಗೆ ಒಂದು ಒಳ್ಳೆ ಟಾರ್ಚ್ ಹೇಳು ಮಾರಾಯ, ಮಳೆ ಹಿಡಿಯುವ ಮೊದಲು ಕಳಿಸಬೇಕು." ನೀನು ಬರೆದದ್ದು ಇಷ್ಟೇ. ಉತ್ತರವನ್ನೂ ಇಷ್ಟರಲ್ಲೇ ಮುಗಿಸಬಹುದಿತ್ತು. ಆದರೆ ನನ್ನ ಹತ್ತಿರ ಟಾರ್ಚಿನ ಮಾತು ತೆಗೆದವರು ಬೇಗ ಬಿಡಿಸಿಕೊಂಡದ್ದಿಲ್ಲ. ಮನೆಯವಳು ಆಗಲೇ ಎದ್ದು ಒಳಗೆ ಹೋದಳು. ನೀನು ಬೆಂಗಳೂರಿನಲ್ಲಿದ್ದೀಯ, ಎದ್ದು ಹೋಗಲು ಜಾಗವಿಲ್ಲ. ಓದು.

ಈಗ ಮೇಜಿನ ಮೇಲೆ ಇರುವ ನನ್ನ ಟಾರ್ಚ್ ಮೂರು ಮಳೆಗಾಲ ಕಂಡಿದೆ. ಉದ್ದ ನನ್ನ ಅಂಗೈಯಷ್ಟು, ದಪ್ಪ ಹೆಬ್ಬೆರಳಿಗಿಂತ ಸ್ವಲ್ಪ ಜಾಸ್ತಿ. ಕಪ್ಪು ಅಲ್ಯೂಮಿನಿಯಂ ಮೈ, ಒದ್ದೆ ಕೈಯಿಂದ ಜಾರದಂತೆ ಅದರ ತುಂಬ ಸಣ್ಣ ಗೀರುಗಳು. ಬಾಯಿಯ ಅಂಚಿನಲ್ಲಿ ಒಂದು ಕಡೆ ಕಪ್ಪು ಹೋಗಿ ಬೆಳ್ಳಿಯ ಹಾಗೆ ಹೊಳೆಯುತ್ತದೆ. ಅದು ಮೊದಲ ವರ್ಷವೇ ಬಾವಿಕಟ್ಟೆಯ ಮೇಲಿಂದ ಮುರಕಲ್ಲಿಗೆ ಬಿದ್ದ ಗುರುತು. ಬಿದ್ದ ಸದ್ದಿಗೆ ನನ್ನ ಎದೆ ಝಲ್ಲೆಂದಿತು. ಅದು ಮಾತ್ರ ಉರಿಯುತ್ತಲೇ ಇತ್ತು, ಬಾವಿಯ ಹಗ್ಗಕ್ಕೆ ಬೆಳಕು ಬಿಟ್ಟುಕೊಂಡು. ಹಳೆಯ ಟಾರ್ಚಿನಲ್ಲಾದರೆ ಬಲ್ಬಿನೊಳಗಿನ ತಂತಿ ಅಲ್ಲೇ ಕಡಿದು ಹೋಗುತ್ತಿತ್ತು. ಎಲ್‌ಇಡಿಯಲ್ಲಿ ಕಡಿಯಲು ತಂತಿಯೇ ಇಲ್ಲ.

ಹಳೆಯದು ನಿನಗೆ ನೆನಪಿರಬೇಕು. ನಮ್ಮ ಅಮ್ಮ ಈಗಲೂ ಟಾರ್ಚಿಗೆ "ಬ್ಯಾಟ್ರಿ" ಅಂತಲೇ ಹೇಳುವುದು. ಮೂರು ದೊಡ್ಡ ಸೆಲ್ಲಿನ ತಗಡಿನ ಬ್ಯಾಟ್ರಿ. ಬೆಳಕು ಕೆಂಪಾಗತೊಡಗಿದರೆ ಸೆಲ್ ತೆಗೆದು ಅಂಗಳದ ಬಿಸಿಲಿಗೆ ಸಾಲಾಗಿ ಇಡುವುದು, ಹಪ್ಪಳದ ಪಕ್ಕದಲ್ಲಿ. ಅದರಿಂದ ಇನ್ನೆರಡು ರಾತ್ರಿ ಸಿಗುತ್ತಿತ್ತು. ಆಮೇಲೆ ಅದೇ ಸೆಲ್ ರೇಡಿಯೋಕ್ಕೆ. ಕೊನೆಗೆ ಯಾರಿಗೂ ನೆನಪಿಲ್ಲದೆ ಕಪಾಟಿನಲ್ಲಿ ಉಳಿದು, ಮುಂದಿನ ಮಳೆಗೆ ತೆರೆದರೆ ಒಳಗೆಲ್ಲ ಬಿಳಿ ಹುಡಿ, ಸ್ಪ್ರಿಂಗ್ ತಿಂದು ಹೋಗಿರುತ್ತಿತ್ತು. ನಮ್ಮ ಮನೆಯಲ್ಲಿ ಟಾರ್ಚ್ ಬಿದ್ದು ಹಾಳಾದದ್ದಕ್ಕಿಂತ ಹೀಗೆ ಸುಮ್ನೆ ಕೂತು ಹಾಳಾದದ್ದೇ ಜಾಸ್ತಿ.

ಅದಕ್ಕೂ ಹಿಂದೆ ಅಜ್ಜನ ಕಾಲದಲ್ಲಿ ತೂಟೆ. ಒಣ ತೆಂಗಿನ ಗರಿಯನ್ನು ಬಿಗಿದು ಕಟ್ಟಿ ಬೆಂಕಿ ಹಚ್ಚಿಕೊಂಡು ಯಕ್ಷಗಾನದ ಆಟ ನೋಡಿ ಬರುತ್ತಿದ್ದರಂತೆ. (ಕಟೀಲು ಜಾತ್ರೆಯಲ್ಲಿ ಅತ್ತೂರು ಮತ್ತು ಕೊಡೆತ್ತೂರಿನವರು ಒಬ್ಬರ ಮೇಲೊಬ್ಬರು ಎಸೆಯುವುದು ಇದನ್ನೇ.) ಅಜ್ಜ ಇಡೀ ದಾರಿ ಅದನ್ನು ಉರಿಸುತ್ತಿರಲಿಲ್ಲ. ಸುಮ್ಮನೆ ಹಿಡಿದರೆ ತುದಿಯಲ್ಲಿ ಕೆಂಡ ಮಾತ್ರ. ತೋಡು ದಾಟುವಾಗ, ಪೊದೆಯಲ್ಲಿ ಏನೋ ಸರಕ್ ಅಂದಾಗ ಎರಡು ಸಲ ಬೀಸುತ್ತಿದ್ದರು, ಭಗ್ಗನೆ ಉರಿ ಏಳುತ್ತಿತ್ತು. ಇಷ್ಟು ಟಾರ್ಚ್ ನೋಡಿದ ಮೇಲೆ ನನಗೆ ಅನಿಸುವುದು, ಅಜ್ಜನಿಗೆ ಗೊತ್ತಿದ್ದದ್ದು ಈಗಿನ ಅಂಗಡಿಯವರಿಗೆ ಮರೆತು ಹೋಗಿದೆ. ಅವರು ಮಾರುವುದು ಬರೀ ಉರಿ. ಕೆಂಡದ ಲೆಕ್ಕ ಯಾರೂ ಹೇಳುವುದಿಲ್ಲ.

ನನ್ನ ಟಾರ್ಚಿನ ಪೆಟ್ಟಿಗೆಯ ಮೇಲೆ 1000 ಲುಮೆನ್ ಅಂತ ಇತ್ತು. ಲುಮೆನ್ ಅಂದರೆ ಟಾರ್ಚ್ ಒಟ್ಟು ಹೊರಬಿಡುವ ಬೆಳಕಿನ ಅಳತೆ. ಸುಳ್ಳಲ್ಲ. ಆದರೆ ಆ ಬೆಳಕು ಸಿಗುವುದು ಎರಡು ನಿಮಿಷ. ಅಷ್ಟರಲ್ಲಿ ತಲೆ ಭಾಗ ಬಿಸಿ ದೋಸೆಕಲ್ಲಿನ ಹಿಡಿಯಷ್ಟು ಕಾಯುತ್ತದೆ. ಆಗ ಟಾರ್ಚ್ ತಾನಾಗಿ ಅರ್ಧಕ್ಕಿಂತ ಕೆಳಗೆ ಇಳಿಯುತ್ತದೆ. ಇಷ್ಟು ಸಣ್ಣ ಮೈಗೆ ಅಷ್ಟು ಶಾಖ ಹೊರಹಾಕಲು ಆಗುವುದಿಲ್ಲ, ಇಳಿಯದಿದ್ದರೆ ಎಲ್‌ಇಡಿಯೇ ಬೇಯುತ್ತದೆ. ಇದು ದೋಷ ಅಲ್ಲ. ಅಮೆರಿಕದಲ್ಲಿ 2009ರಲ್ಲಿ ಟಾರ್ಚ್ ಅಳೆಯಲು ಎಫ್‌ಎಲ್ 1 ಅಂತ ಒಂದು ಮಾನದಂಡ ಬಂತು. ಅದರ ಪ್ರಕಾರ ಲುಮೆನ್ ಅಳೆಯುವುದು ಹೊತ್ತಿಸಿ 30 ಸೆಕೆಂಡ್ ಆದ ಮೇಲೆ. ಇಷ್ಟು ಗಂಟೆ ಉರಿಯುತ್ತದೆ ಅನ್ನುವುದು, ಆ ಬೆಳಕು ಹತ್ತರಲ್ಲಿ ಒಂದು ಪಾಲಿಗೆ ಇಳಿಯುವವರೆಗಿನ ಲೆಕ್ಕ. ದೊಡ್ಡ ಬೆಳಕು, ಜಾಸ್ತಿ ಗಂಟೆ, ಎರಡೂ ಒಟ್ಟಿಗೆ ಸಿಗುತ್ತದೆ ಅಂತ ಪೆಟ್ಟಿಗೆ ಓದಿದವರಿಗೆ ಅನಿಸುತ್ತದೆ. ಹಾಗಲ್ಲ.

ದೂರದ ಲೆಕ್ಕ ಇನ್ನೂ ತಮಾಷೆ. "200 ಮೀಟರ್" ಅಂದರೆ ಅಲ್ಲಿ ನಿಂತವನ ಮುಖ ಕಾಣುತ್ತದೆ ಅಂತ ಅಲ್ಲ. ಅಲ್ಲಿ ಬೀಳುವ ಬೆಳಕು 0.25 ಲಕ್ಸ್, ಹೆಚ್ಚುಕಡಿಮೆ ಹುಣ್ಣಿಮೆ ಬೆಳದಿಂಗಳಷ್ಟು. ಅದರ ಅರ್ಧ ದೂರದಲ್ಲಿ ನಾಲ್ಕು ಪಟ್ಟು ಬೆಳಕು ಇರುತ್ತದೆ, ನಂಬುವುದಾದರೆ ಅದನ್ನು ನಂಬಬೇಕು. ಮತ್ತೆ, ದೂರ ಹೋಗುವ ಬೆಳಕೆಂದರೆ ತೆಳುವಾದ ಕೋಲಿನಂಥ ಬೆಳಕು. ಕಾಪುವಿನ ದೀಪಸ್ತಂಭ 1901ರಿಂದ ಅಲ್ಲಿ ನಿಂತಿದೆ, ಎಷ್ಟೋ ದೂರದ ದೋಣಿಗೆ ಕಾಣುತ್ತದೆ. ಅದರ ಬುಡದ ಬಂಡೆಯಲ್ಲಿ ಕೂತವನಿಗೆ ಬಿದ್ದ ಚಪ್ಪಲಿ ಹುಡುಕಲಿಕ್ಕೂ ಅದು ಸಾಲದು. ನಮ್ಮ ಕಾಲಿನ ಬುಡಕ್ಕೆ ಬೇಕಾದದ್ದು ಅಗಲ ಹರಡುವ ಬೆಳಕು.

ಇನ್ನು ಕೆಂಡದ ವಿಷಯ. ನನ್ನದರಲ್ಲಿ ಎಲ್ಲಕ್ಕಿಂತ ಕೆಳಗಿನ ಬೆಳಕು 1 ಲುಮೆನ್. ಕೊಂಡಾಗ ನಗು ಬಂದಿತ್ತು, ಇದ್ಯಾರಿಗೆ ಅಂತ. ಕಳೆದ ಆಟಿ ತಿಂಗಳಲ್ಲಿ, ಜೋರು ಮಳೆಗಾಲದ ನಡುವೆ, ಗಾಳಿಮಳೆಗೆ ಎಲ್ಲೋ ಮರ ಬಿದ್ದು ಎರಡು ರಾತ್ರಿ ಕರೆಂಟ್ ಇರಲಿಲ್ಲ. ಮಗಳಿಗೆ ಜ್ವರ. ರಾತ್ರಿ ಎರಡು ಗಂಟೆಗೆ ಥರ್ಮಾಮೀಟರ್ ನೋಡಬೇಕಿತ್ತು. ಮೊಬೈಲ್ ಬೆಳಕು ಹಾಕಿದರೆ ಅವಳು ಕಣ್ಣು ಕಿರಿದು ಮಾಡಿ ಅಳಲು ಶುರು ಮಾಡುತ್ತಾಳೆ. ಟಾರ್ಚಿನ ಗುಂಡಿಯನ್ನು ಒತ್ತಿ ಹಿಡಿದೆ. ಗಾಜಿನ ಮೇಲೆ ಅಕ್ಕಿಕಾಳಿನಷ್ಟು ಬೆಳಕು ಕೂತಿತು. ಅಂಕಿ ಓದಿದೆ, ಹಣೆಯ ಬಟ್ಟೆ ಬದಲಿಸಿದೆ, ಮಾತ್ರೆಯ ಹಾಳೆ ಹುಡುಕಿದೆ. ಅವಳು ಮಗ್ಗುಲು ಕೂಡ ಬದಲಿಸಲಿಲ್ಲ. ಆಮೇಲೆ ಅಂಗಳಕ್ಕೆ ಬಂದು ನಿಂತಾಗ ಇನ್ನೊಂದು ಗಮನಿಸಿದೆ. ತೆಂಗಿನ ಮರ, ಹಟ್ಟಿಯ ಮಾಡು, ಹಾಸಿದ ಮಡಲು ಎಲ್ಲ ಕಾಣುತ್ತಿತ್ತು. ಕಣ್ಣು ಕತ್ತಲೆಗೆ ಪೂರ್ತಿ ಹೊಂದಿಕೊಳ್ಳಲು ಸುಮಾರು ಅರ್ಧ ಗಂಟೆ ಬೇಕು. ದೊಡ್ಡ ಬೆಳಕು ಒಂದು ಸಲ ಬಿದ್ದರೆ ಅದಷ್ಟೂ ನೀರಿನಲ್ಲಿ ಹೋಮ. ಅವತ್ತು ಹೋಗಿರಲಿಲ್ಲ.

ಆವತ್ತಿನಿಂದ ಯಾರ ಟಾರ್ಚ್ ಕೈಗೆ ಬಂದರೂ ನಾನು ಮೊದಲು ನೋಡುವುದು ಎಷ್ಟು ಕಡಿಮೆ ಉರಿಯುತ್ತದೆ ಅಂತ.

ಹಾಗಂತ ಉರಿ ಬೇಡ ಅಂತಲ್ಲ. ಜೂನಿನ ಮೊದಲ ದೊಡ್ಡ ಮಳೆಗೆ ಬೈಲಿನವರೆಲ್ಲ ಉಬರಿಗೆ ಹೊರಟಾಗ ನಾನೂ ಹೋಗಿದ್ದೆ. ಹೊಳೆಯಿಂದ ಮೀನು ಗದ್ದೆಗೆ ಹತ್ತುವ ರಾತ್ರಿ ನಿನಗೆ ಗೊತ್ತಲ್ಲ, ಒಬ್ಬನ ಕೈಯಲ್ಲಿ ಕತ್ತಿ, ಇನ್ನೊಬ್ಬನ ಕೈಯಲ್ಲಿ ಬಲೆ, ಉಳಿದವರದ್ದು ಬೊಬ್ಬೆ. ಜಡಿಮಳೆಗೆ ಟಾರ್ಚನ್ನು ಕಣ್ಣಿನ ಮಟ್ಟದಲ್ಲಿ ಹಿಡಿದರೆ ಎದುರಿಗೆ ಬಿಳಿ ಪರದೆ ಕಟ್ಟಿದ ಹಾಗೆ. ಪ್ರತಿ ಹನಿಯೂ ಬೆಳಕನ್ನು ವಾಪಸ್ ಕಣ್ಣಿಗೇ ಎಸೆಯುತ್ತದೆ. ಸೊಂಟದ ಕೆಳಗೆ ಇಳಿಸಿ ಹಿಡಿದ ಮೇಲೆಯೇ ಪುಣಿ (ಗದ್ದೆಯ ಬದು) ಯಾವುದು, ನೀರು ಯಾವುದು ಅಂತ ಗೊತ್ತಾದದ್ದು. ಜೊತೆಗಿದ್ದ ಹುಡುಗನ ಟಾರ್ಚ್ ನನ್ನದಕ್ಕಿಂತ ಜೋರು, ಆದರೆ ನೀಲಿ ಬಿಳುಪು. ಅದರಲ್ಲಿ ಕೆಸರು, ಒಣಹುಲ್ಲು, ಮುಗುಡು ಮೀನು ಎಲ್ಲ ಒಂದೇ ಬೂದಿ ಬಣ್ಣ. ನನ್ನದು ಸ್ವಲ್ಪ ಹಳದಿ ಕಡೆಗೆ, ಬೆಳಕಿನ ಬಣ್ಣದ ಅಳತೆಯಲ್ಲಿ ಸುಮಾರು 4000 ಕೆಲ್ವಿನ್. ಮೀನಿನ ಕಂದು ಬೆನ್ನು ಬೇರೆಯಾಗಿ ಕಂಡಿತು. ಕೊನೆಗೆ ಅವನು ಕತ್ತಿ ಹಿಡಿದ, ನಾನು ಬೆಳಕು ಹಿಡಿದೆ.

ಈ ನೀಲಿಯ ಕತೆ ಏನೆಂದರೆ, ಬಿಳಿ ಎಲ್‌ಇಡಿ ಅಂದರೆ ಒಳಗೆ ನೀಲಿ ಎಲ್‌ಇಡಿಯೇ. ಮೇಲೆ ಫಾಸ್ಫರ್ ಅನ್ನುವ, ನೀಲಿ ಬೆಳಕು ಬಿದ್ದರೆ ಹಳದಿಯಾಗಿ ಹೊಳೆಯುವ ಪುಡಿಯ ಲೇಪ. ಎರಡೂ ಸೇರಿ ಬಿಳಿ. ಆ ನೀಲಿ ಎಲ್‌ಇಡಿ ಮಾಡಿದ್ದಕ್ಕೇ ಅಕಸಾಕಿ, ಅಮಾನೋ, ನಕಮುರಾ ಮೂವರಿಗೆ 2014ರಲ್ಲಿ ಭೌತಶಾಸ್ತ್ರದ ನೊಬೆಲ್ ಬಂದದ್ದು. ಲೇಪದಲ್ಲಿ ಜಿಪುಣತನ ಮಾಡಿದರೆ ನೀಲಿ ಹೊರಗೆ ಇಣುಕುತ್ತದೆ, ಲುಮೆನ್ ಲೆಕ್ಕವೂ ಜಾಸ್ತಿ ಬರುತ್ತದೆ. ಮಾರುವವನಿಗೆ ಲಾಭ. ತರಗೆಲೆಯ ಮೇಲೆ ಕೊಳಕು ಮಂಡಲ ಹಾವು ಮಲಗಿದ್ದರೆ ಅದನ್ನು ಕಾಣಬೇಕಾದವರು ನಿನ್ನ ಅಪ್ಪ. ಅವರಿಗೆ ಬಣ್ಣ ಸರಿಯಾಗಿ ತೋರಿಸುವ ಬೆಳಕೇ ಬೇಕು.

ನನ್ನ ಟಾರ್ಚಿನ ಮೇಲೆ ದೂರು ಇಲ್ಲ ಅಂದುಕೊಳ್ಳಬೇಡ. ಗುಂಡಿ ಬದಿಯಲ್ಲಿದೆ, ತಾಗಿದರೆ ಸಾಕು. ಒಂದು ಸಲ ಮಂಗಳೂರಿಗೆ ಹೋಗುವಾಗ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಕಿಸೆಯೊಳಗೇ ಹೊತ್ತಿಕೊಂಡಿತು. ಪಡುಬಿದ್ರಿ ದಾಟುವಾಗ ತೊಡೆ ಸುಡತೊಡಗಿತು. ಎದ್ದು ಕುಣಿದೆ. "ಏನು ಮಾರ್ರೆ, ಆಟ ಇಲ್ಲೇ ಶುರುವಾ?" ಅಂದ ಕಂಡಕ್ಟರ್. ಈಗ ಹೊರಗೆ ಹೋಗುವಾಗ ಹಿಂದಿನ ಮುಚ್ಚಳವನ್ನು ಕಾಲು ಸುತ್ತು ಸಡಿಲಿಸಿ ಇಡುತ್ತೇನೆ. ಆಗ ಗುಂಡಿ ಒತ್ತಿದರೂ ಹೊತ್ತುವುದಿಲ್ಲ, ಕೂತಲ್ಲೇ ಚಾರ್ಜ್ ಸೋರುವುದೂ ನಿಲ್ಲುತ್ತದೆ.

ಇನ್ನೊಂದು ತಪ್ಪು ನನ್ನದೇ. ಮುಚ್ಚಳದ ಸುರುಳಿಯಲ್ಲಿ ನೀರು ತಡೆಯುವ ರಬ್ಬರ್ ಉಂಗುರ ಇರುತ್ತದೆ. ನಮ್ಮವರು ಎಲ್ಲದಕ್ಕೂ ಹಚ್ಚುವ ಹಾಗೆ ಅದಕ್ಕೂ ತೆಂಗಿನೆಣ್ಣೆ ಹಚ್ಚಿದೆ. ತಿಂಗಳೊಳಗೆ ಧೂಳು ಹಿಡಿದು ಜಿಗುಟು ಜಿಗುಟು. ಈಗ ವರ್ಷಕ್ಕೆರಡು ಸಲ ಬಟ್ಟೆಯಲ್ಲಿ ಒರೆಸಿ ಚೂರೇ ಚೂರು ಸಿಲಿಕೋನ್ ಗ್ರೀಸ್. ಕಡಲಿನ ಉಪ್ಪುಗಾಳಿಗೆ ಸ್ಪ್ರಿಂಗ್ ಕಪ್ಪಾಗುತ್ತದೆ, ಮಗಳ ರಬ್ಬರಿನಲ್ಲಿ ಉಜ್ಜಿದರೆ ಹೋಗುತ್ತದೆ.

ಸೆಲ್ಲಿನ ಮೋಸ ಮಾತ್ರ ನೀನು ಕೇಳಲೇಬೇಕು. ನನ್ನದಕ್ಕೆ ಹಾಕುವುದು 18650 ಅನ್ನುವ ಲಿಥಿಯಂ ಸೆಲ್. 18 ಮಿಲಿಮೀಟರ್ ದಪ್ಪ, 65 ಉದ್ದ, ಕೊನೆಯ ಸೊನ್ನೆ ಅಂದರೆ ಉರುಟು. ಇನ್ನೊಂದು ಇರಲಿ ಅಂತ ಆನ್‌ಲೈನಿನಲ್ಲಿ ತರಿಸಿದೆ. ಮೈಮೇಲೆ 9900 ಎಂಎಎಚ್ ಅಂತ ಅಚ್ಚು, ಅಂದರೆ ಸೆಲ್ಲಿನಲ್ಲಿ ಎಷ್ಟು ಚಾರ್ಜ್ ಹಿಡಿಸುತ್ತದೆ ಅನ್ನುವ ಲೆಕ್ಕ. ಈ ಗಾತ್ರದ ಒಳ್ಳೆಯ ಸೆಲ್ಲಿನಲ್ಲಿ ಹಿಡಿಸುವುದು 3500ರ ಆಸುಪಾಸು. ಅನುಮಾನ ಬಂದು ಪೇಟೆಯ ಚಿನ್ನದ ಕೆಲಸದವರ ಹತ್ತಿರ ಎರಡನ್ನೂ ಒಯ್ದೆ. ಅವರು ಕನ್ನಡಕ ಏರಿಸಿ ನನ್ನನ್ನೊಮ್ಮೆ, ಸೆಲ್ಲನ್ನೊಮ್ಮೆ ನೋಡಿ ತಕ್ಕಡಿಗೆ ಇಟ್ಟರು. ಟಾರ್ಚಿನ ಜೊತೆ ಬಂದದ್ದು 47 ಗ್ರಾಂ. ಹೊಸದು 31. "ಇದರಲ್ಲಿ ಗಾಳಿ ಜಾಸ್ತಿ ಉಂಟು" ಅಂದರು, ಕೂಲಿ ತೆಗೆದುಕೊಳ್ಳಲಿಲ್ಲ. ಆ ಸೆಲ್ ಮರುದಿನವೇ ಕಸಕ್ಕೆ ಹೋಯಿತು. ಹಸಿಕಸಕ್ಕಲ್ಲ, ಬೇರೆ ಕೊಟ್ಟೆ.

ಇಷ್ಟಕ್ಕೇ ನಿನ್ನ ಅಪ್ಪನಿಗೆ ನನ್ನಂಥದ್ದು ಬೇಡ ಅನ್ನುತ್ತೇನೆ. ಟಾರ್ಚ್ ಒಳ್ಳೆಯದೇ. ಆದರೆ ಚಾರ್ಜರ್, ಸೆಲ್, ಗುಂಡಿ ಒತ್ತಿ ಹಿಡಿಯುವ ಲೆಕ್ಕ, ಎರಡು ಸಲ ಒತ್ತಿದರೆ ಇನ್ನೇನೋ, ಇದೆಲ್ಲ ನನ್ನಂಥ ಹುಚ್ಚರಿಗೆ. ಯುಎಸ್‌ಬಿ ಚಾರ್ಜಿನದ್ದೂ ಬೇಡ. ಎರಡು ದಿನ ಕರೆಂಟ್ ಹೋದರೆ ಎಲ್ಲಿ ಚುಚ್ಚುವುದು? ಬ್ಯಾಟರಿ ಒಳಗೇ ಕೂತದ್ದಾದರೆ ಅದು ಸತ್ತ ದಿನ ಟಾರ್ಚೂ ಸತ್ತ ಹಾಗೆ.

ಎಎ ಸೆಲ್ಲಿನದ್ದು ತೆಗೆ, ಅದೇ ಗೋಡೆ ಗಡಿಯಾರಕ್ಕೆ ಹಾಕುವ ಸಣ್ಣ ಸೆಲ್. ಅಪ್ಪ ಇರುವ ಶಿರ್ವದ ಯಾವ ಅಂಗಡಿಗೆ ಹೋದರೂ ಸಿಗುತ್ತದೆ. ಅಲ್ಯೂಮಿನಿಯಂ ಮೈ ಇರಲಿ. ಟಕ್ ಅಂತ ಕೇಳುವ ಗಟ್ಟಿ ಗುಂಡಿ ಹಿಂದುಗಡೆ ಇರಲಿ. ಬೆರಳು ನೋಯುವವರಿಗೆ ತಿರುಗಿಸಿ ಹೊತ್ತಿಸುವುದು ಕಷ್ಟ. ಐಪಿಎಕ್ಸ್7 ಅಂತ ಬರೆದಿದ್ದರೆ 1 ಮೀಟರ್ ನೀರಿನಲ್ಲಿ 30 ನಿಮಿಷ ಇದ್ದರೂ ಆಗುತ್ತದೆ ಅಂತ ಅರ್ಥ, ಹಟ್ಟಿಯ ಬಕೆಟಿಗೆ ಬಿದ್ದರೆ ಹೆದರಬೇಕಿಲ್ಲ. ಬೆಳಕು ಎರಡೇ ಬಗೆ ಸಾಕು, ಹೊತ್ತಿಸಿದಾಗ ಮೊದಲು ಕಡಿಮೆಯದ್ದು ಬರಬೇಕು. ಪಕಪಕ ಮಿನುಗುವ ಸ್ಟ್ರೋಬ್ ಇರುವುದನ್ನು ದಯವಿಟ್ಟು ಕಳಿಸಬೇಡ. ಹಟ್ಟಿಯಲ್ಲಿ ತಪ್ಪಿ ಅದು ಹೊತ್ತಿಕೊಂಡರೆ ದನ ಹಗ್ಗ ಕಿತ್ತುಕೊಂಡು ಗದ್ದೆಗೆ ಓಡೀತು.

ಸೆಲ್ ಸೋರುವ ಕತೆಗೆ ಒಂದು ಉಪಾಯ ಮಾಡಿದ್ದೇನೆ. ಮೇ ಕೊನೆಯ ಹೊತ್ತಿಗೆ ಬರುವ ಪತ್ತನಾಜೆಗೆ ಯಕ್ಷಗಾನ ಮೇಳಗಳು ವರ್ಷದ ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚುತ್ತವಲ್ಲ, ಅದೇ ದಿನ ನಾನು ಮನೆಯ ಎಲ್ಲ ಸಣ್ಣ ಸೆಲ್ ಬದಲಿಸುತ್ತೇನೆ. ಬೇರೆ ತಾರೀಕು ನೆನಪಿಡಬೇಕಾಗಿಲ್ಲ. ನಿನ್ನ ಅಪ್ಪನಿಗೂ ಹಾಗೇ ಹೇಳಿದರೆ ಮರೆಯುವುದಿಲ್ಲ.

ಒಂದೇ ಚಿಂತೆ. ಅವರ ಸ್ವಭಾವ ನನಗೆ ಗೊತ್ತು. ಮಗ ಕಳಿಸಿದ್ದು ಅಂತ ಪೆಟ್ಟಿಗೆ ಸಮೇತ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಕಪಾಟಿನಲ್ಲಿ ಇಡುತ್ತಾರೆ, ಬಂದವರಿಗೆ ತೆಗೆದು ತೋರಿಸುತ್ತಾರೆ, ರಾತ್ರಿ ಹಟ್ಟಿಗೆ ಹೋಗುವಾಗ ಮಾತ್ರ ಮೊಬೈಲನ್ನು ಬಾಯಲ್ಲಿ ಕಚ್ಚಿಕೊಂಡು ಹೋಗುತ್ತಾರೆ. ಅದಕ್ಕೆ ಪಾರ್ಸೆಲ್ ನನ್ನ ವಿಳಾಸಕ್ಕೇ ಕಳಿಸು. ಬರುವ ವಾರ ಶಿರ್ವಕ್ಕೆ ಹೋಗುವುದಿದೆ. ಪೆಟ್ಟಿಗೆ ನಾನೇ ಒಡೆದು, ಬಾಲಕ್ಕೆ ದಾರ ಕಟ್ಟಿ, ಹಿಂಬಾಗಿಲ ದಾರಂದಕ್ಕೆ ಮೊಳೆ ಹೊಡೆದು ನೇತುಹಾಕಿ ಬರುತ್ತೇನೆ. ಸುತ್ತಿಗೆ ಅವರಲ್ಲಿ ಉಂಟು, ಮೊಳೆ ನಾನು ತರುತ್ತೇನೆ.

ನಿನ್ನ
ಕಟಪಾಡಿಯ ಗೆಳೆಯ