ಒಂದು ವರ್ಷದ ಮಾತ್ರೆ ಮುಗಿದ ದಿನ

ನಿನ್ನೆ ರಾತ್ರಿ ಊಟವಾದ ಮೇಲೆ ಕೋಟ್ರೈಮಾಕ್ಸಜೋಲ್ ಎಂಬ ಆ್ಯಂಟಿಬಯೋಟಿಕ್‌ನ ಕೊನೆಯ ಮಾತ್ರೆಯನ್ನು ನುಂಗಿದೆ. ಎರಡು ವಾರ ದಿನಕ್ಕೆ 2 ಗ್ರಾಂ ಸೆಫ್ಟ್ರಿಯಾಕ್ಸೋನ್ ಡ್ರಿಪ್, ಆಮೇಲೆ ಒಂದು ವರ್ಷ ಎರಡು ಹೊತ್ತು ಈ ಮಾತ್ರೆ. ಕರುಳು, ಕೀಲುಗಳನ್ನು ಬಾಧಿಸುವ ಅಪರೂಪದ ಬ್ಯಾಕ್ಟೀರಿಯಾ ಸೋಂಕಾದ ವಿಪ್ಪಲ್ ಕಾಯಿಲೆಗೆ ನನಗೆ ಕೊಟ್ಟ ಚಿಕಿತ್ಸೆ ಇಷ್ಟೇ. ಇಷ್ಟಕ್ಕೆ ಬಗ್ಗಿದ ಕಾಯಿಲೆಯ ಹೆಸರು ತಿಳಿಯಲು ಆರು ವರ್ಷ ಹಿಡಿಯಿತು. ಆ ಅಲೆದಾಟವನ್ನು ನೀವೆಲ್ಲ ಕಂಡವರೇ ಆದ್ದರಿಂದ ಮತ್ತೆ ಹೇಳುವುದಿಲ್ಲ.

ಹೇಳಬೇಕಾದದ್ದು ನನ್ನ ತಂಗಿಯ ವಿಷಯ. ಸಂಧಿವಾತವೆಂದು ಕೊಟ್ಟ ಸ್ಟೆರಾಯ್ಡ್‌ನ ನಂತರ ಭೇದಿ ಉಲ್ಬಣಿಸಿ, ತೂಕ 39 ಕಿಲೋಗೆ ಇಳಿದು, ಜ್ವರದಲ್ಲಿ ಎಲ್ಲಿದ್ದೇನೆಂಬುದೂ ತಿಳಿಯದಿದ್ದ ಆ ರಾತ್ರಿ ಅವಳು ನಾಲ್ಕು ಸಲ ನನ್ನ ಹಾಸಿಗೆ ಬದಲಿಸಿದಳು. "ಇನ್ನು ಸಾಕು, ಬಿಟ್ಟುಬಿಡು" ಎಂದು ನಾನು ಹೇಳಿದೆನಂತೆ. ಅವಳು ಉತ್ತರಿಸದೆ ನನ್ನ ಕಾಲೊತ್ತುತ್ತ ಕುಳಿತಿದ್ದಳು.

ಮೂರು ಗಂಟೆಗೆ ಬಂದ ರಾತ್ರಿ ಪಾಳಿಯ ವೈದ್ಯರು, "ಕೀಲುನೋವು ಮೊದಲು ಬಂತೋ, ಭೇದಿ ಮೊದಲೋ?" ಎಂದು ಕೇಳಿದರು. ಅಲ್ಲಿಯವರೆಗೆ ಕೀಲಿನ ವೈದ್ಯರು ಕೀಲನ್ನು, ಹೊಟ್ಟೆಯ ವೈದ್ಯರು ಹೊಟ್ಟೆಯನ್ನು ನೋಡಿದ್ದರೇ ಹೊರತು ಎರಡನ್ನೂ ಒಟ್ಟಿಗೆ ಯಾರೂ ಕೇಳಿರಲಿಲ್ಲ. ತಂಗಿ ಚೀಲದಿಂದ ಒಂದು ನೋಟ್‌ಪುಸ್ತಕ ತೆಗೆದಳು. ಯಾವ ತಿಂಗಳು ಮೊಣಕಾಲು, ಯಾವ ತಿಂಗಳು ಮಣಿಕಟ್ಟು ಎಂದು ಆರು ವರ್ಷದ ನನ್ನ ನೋವನ್ನು ಅವಳು ತಾರೀಖು ಸಹಿತ ಬರೆದಿಟ್ಟಿದ್ದಳು. ಭೇದಿ ಶುರುವಾದದ್ದು ಐದನೆಯ ವರ್ಷದ ಪುಟದಲ್ಲಿ. ವೈದ್ಯರು ನಿಂತಲ್ಲೇ ಅದನ್ನು ಮೊದಲಿನಿಂದ ಓದಿದರು. ಮೊದಲು ಕೀಲುನೋವು, ವರ್ಷಗಳ ನಂತರ ಭೇದಿ: ಈ ಕಾಯಿಲೆ ಸಾಮಾನ್ಯವಾಗಿ ಬರುವ ಕ್ರಮವೇ ಅದು. ಅದಾದ ಮೇಲೆಯೇ ಎಂಡೋಸ್ಕೋಪಿ ಮಾಡಿ ಸಣ್ಣಕರುಳಿನ ಆರಂಭದ ಭಾಗದಿಂದ ಚೂರು ತೆಗೆದದ್ದು, ಸೂಕ್ಷ್ಮದರ್ಶಕದಲ್ಲಿ ಈ ಕಾಯಿಲೆಯ ಗುರುತು ತೋರಿಸುವ ಪಿಎಎಸ್ ಬಣ್ಣ ಹಾಕಿ ನೋಡಿದ್ದು, ಪಿಸಿಆರ್‌ನಲ್ಲಿ ಈ ಕಾಯಿಲೆ ತರುವ ಬ್ಯಾಕ್ಟೀರಿಯಾ ಟ್ರೊಫೆರಿಮಾ ವಿಪ್ಪಲಿ ಸಿಕ್ಕಿದ್ದು.

1907ರಲ್ಲಿ ಜಾರ್ಜ್ ವಿಪ್ಪಲ್ ವರ್ಣಿಸಿದ ಮೊದಲ ರೋಗಿ 36 ವರ್ಷದ ಒಬ್ಬ ಮಿಷನರಿ ವೈದ್ಯ. ಆತನಿಗೂ ಮೊದಲು ಬಂದದ್ದು ಕೀಲುನೋವೇ. ಆಗ ಆ್ಯಂಟಿಬಯೋಟಿಕ್‌ಗಳಿರಲಿಲ್ಲ, ಆತ ಉಳಿಯಲಿಲ್ಲ. ಅದನ್ನು ಓದಿದ ದಿನ ಬಹಳ ಹೊತ್ತು ಅತ್ತೆ. ಆತನಿಗೂ ನನಗೂ ನಡುವೆ ಇದ್ದದ್ದು ಒಂದು ಔಷಧ ಮತ್ತು ಒಂದು ನೋಟ್‌ಪುಸ್ತಕ.

ಸ್ಲೈಡನ್ನು ತಾಳ್ಮೆಯಿಂದ ನೋಡಿದ ಪೆಥಾಲಜಿಸ್ಟ್, ವಾರ್ಡಿನ ಸಿಸ್ಟರ್‌ಗಳು, ಗಂಜಿ ಕಳಿಸಿದ ನೆರೆಮನೆಯವರು, ನನ್ನ ಪಾಲಿನ ಕೆಲಸವನ್ನೂ ಮಾಡಿದ ಸಹೋದ್ಯೋಗಿಗಳು, ಎಲ್ಲರಿಗೂ ಮನಸಾರೆ ನಮಸ್ಕಾರ.

ಕಾಯಿಲೆ ಮರುಕಳಿಸಬಹುದಾದ್ದರಿಂದ ತಪಾಸಣೆಗಳು ಮುಂದುವರಿಯುತ್ತವೆ. ಇಂದು ಬೆಳಿಗ್ಗೆ ನನ್ನ ತೂಕ 56 ಕಿಲೋ. ತಂಗಿ ಅದನ್ನೂ ಅದೇ ಪುಸ್ತಕದಲ್ಲಿ ತಾರೀಖು ಹಾಕಿ ಬರೆದುಕೊಂಡಳು.