ಆ ಮರಿ ತಿರುಗಿ ಬರಬಾರದು

ಶಿರಸಿ,
ಭಾನುವಾರ

ಚಿ. ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ. ಅಡಿಕೆಗೆ ಇನ್ನೊಂದು ಸಲ ಕೊಳೆಮದ್ದು ಹೊಡೆಸಬೇಕು, ಮಳೆ ಬಿಡುವು ಕೊಡುತ್ತಿಲ್ಲ. ನೀನು ಕಳಿಸಿದ ಚಿತ್ರಕಥೆಯನ್ನು ದೊಡ್ಡಾಯಿ ಪೇಟೆಗೆ ಹೋದಾಗ ಪ್ರಿಂಟ್ ತೆಗೆಸಿಕೊಂಡು ಬಂದಳು. ಮೊಬೈಲಿನಲ್ಲಿ ಓದುವುದು ನನ್ನ ಕಣ್ಣಿಗೆ ಆಗುವ ಕೆಲಸವಲ್ಲ. ಎರಡು ಸಲ ಓದಿದೆ. ಬೈದರೂ ಅಡ್ಡಿಲ್ಲ, ಅನ್ನಿಸಿದ್ದು ಬರೆ ಅಂದಿದ್ದೀಯಲ್ಲ, ಬರೆಯುತ್ತೇನೆ.

ಹುಡುಗ ಚೆನ್ನಾಗಿದ್ದಾನೆ. ಶಾಲೆಯ ದೃಶ್ಯಗಳಿಗೆ ನಗು ಬಂತು. ಫಾರೆಸ್ಟ್ ಗಾರ್ಡನ್ನು ಮಾತ್ರ ಯಾಕೆ ಖಳನಾಯಕ ಮಾಡಿದೆ? ಗಾಯವಾದ ಮರಿಯನ್ನು ಒಪ್ಪಿಸು ಅಂದದ್ದೇ ಅವನ ತಪ್ಪೆ? ಅದಿರಲಿ. ನನಗೆ ಒಪ್ಪಿಗೆಯಾಗದ್ದು ಕೊನೆಯ ದೃಶ್ಯ. ಹುಡುಗ ಕಾಡುಕುರಿಯ, ಅಂದರೆ ಬೊಗಳುವ ಜಿಂಕೆಯ, ಮರಿಯನ್ನು ಬೆಟ್ಟಕ್ಕೆ ಬಿಡುತ್ತಾನೆ, ಅದು ನಾಲ್ಕು ಹೆಜ್ಜೆ ಹೋಗಿ ತಿರುಗಿ ನೋಡುತ್ತದೆ, ಓಡಿ ಬಂದು ಅವನ ಕೈ ನೆಕ್ಕುತ್ತದೆ. ಥಿಯೇಟರಿನಲ್ಲಿ ಎಲ್ಲರೂ ಕಣ್ಣೊರೆಸಿಕೊಳ್ಳುತ್ತಾರೆ, ಗೊತ್ತು. ನನಗೆ ಹೊಟ್ಟೆಯಲ್ಲಿ ಸಂಕಟವಾಯಿತು.

ನಿನ್ನ ಅಪ್ಪನಿಗೂ ಸರಿಯಾಗಿ ಗೊತ್ತಿಲ್ಲದ ಸಂಗತಿ ಹೇಳುತ್ತೇನೆ. ಅವನಾಗ ತೊಟ್ಟಿಲಲ್ಲಿದ್ದ. ನಾನು ಆರನೇ ಇಯತ್ತೆ. ವನ್ಯಜೀವಿ ಕಾಯ್ದೆ ಬಂದದ್ದು 1972ರಲ್ಲಿ, ಇದು ಅದಕ್ಕೂ ಹಿಂದಿನ ಮಾತು. ಸೊಪ್ಪಿನ ಬೆಟ್ಟದಲ್ಲಿ ದರಕು (ಉದುರಿದ ಒಣ ಎಲೆ) ಗುಡಿಸುವಾಗ ಪೊದೆಯ ಬುಡದಲ್ಲಿ ಮರಿ ಸಿಕ್ಕಿತು. ಮೈಮೇಲೆ ಚುಕ್ಕೆ ಇನ್ನೂ ಮಾಸಿರಲಿಲ್ಲ. ಮುಂಗಾಲು ಬೇಲಿತಂತಿಗೆ ಸಿಕ್ಕಿ ಸೀಳಿತ್ತು. ಗಾಯವಿತ್ತು ನಿಜ, ಆದರೆ ಅನಾಥವಲ್ಲ. ತಾಯಿ ಮರಿಯನ್ನು ಅಡಗಿಸಿಟ್ಟೇ ಮೇಯಲು ಹೋಗುತ್ತದೆ. ಅದು ನನಗೆ ತಿಳಿದದ್ದು ಎಷ್ಟೋ ವರ್ಷದ ಮೇಲೆ. ಅವತ್ತು ಸಂಜೆಯೆಲ್ಲ ಬೆಟ್ಟದ ಮೇಲೆ ಒಂದು ಕಾಡುಕುರಿ ಕೂಗುತ್ತಲೇ ಇತ್ತು. ಹುಲಿ ಕಂಡಿರಬೇಕು ಅಂದುಕೊಂಡೆವು.

ನನ್ನ ಅಜ್ಜಿ ಅರಿಶಿನ ಹಚ್ಚಿ, ಅಡಿಕೆ ಹಾಳೆಯನ್ನು ನೆನೆಸಿ ಮೆತ್ತಗೆ ಮಾಡಿ, ಕಾಲಿಗೆ ಸುತ್ತಿ ಬಾಳೆನಾರಿನಲ್ಲಿ ಕಟ್ಟಿದಳು. ಆಕಳ ಹಾಲು ಕೊಟ್ಟೆವು, ಮಾರನೇ ದಿನ ಭೇದಿ. ಮೂರನೇ ದಿನ ಕತ್ತು ಎತ್ತಲಿಲ್ಲ. ಅಜ್ಜಿ ಕೆಳಕೇರಿಯಿಂದ ಆಡಿನ ಹಾಲು ತರಿಸಿ ಬತ್ತಿಯಲ್ಲಿ ಹನಿಹನಿಯಾಗಿ ಕುಡಿಸಿದಳು. ಕುಡಿಸಿದ ಮೇಲೆ ಬಿಸಿನೀರಲ್ಲಿ ಅದ್ದಿದ ಬಟ್ಟೆಯಿಂದ ಬಾಲದ ಬುಡ ಒರೆಸುವಳು. ತಾಯಿ ನೆಕ್ಕದೆ ಅಷ್ಟು ಸಣ್ಣ ಮರಿ ಉಚ್ಚೆ ಸಹ ಹೊಯ್ಯುವುದಿಲ್ಲ. ಕೊಟ್ಟಿಗೆಯ ಮೂಲೆ ವಾರಗಟ್ಟಲೆ ನಾರುತ್ತಿತ್ತು. ನಿನ್ನ ಚಿತ್ರಕಥೆಯಲ್ಲಿ ಭೇದಿಯೂ ಇಲ್ಲ, ನಾತವೂ ಇಲ್ಲ. ಹುಡುಗ ಬಾಟಲಿ ಹಿಡಿದ, ಒಂದು ಹಾಡು ಮುಗಿಯುವುದರೊಳಗೆ ಕಾಲು ವಾಸಿ!

ಕಾಲು ನೆಟ್ಟಗಾದ ದಿನ ಅಜ್ಜಿ ನನ್ನನ್ನು ಕರೆದು, "ಇನ್ನು ನೀ ಕೊಟ್ಟಿಗೆಗೆ ಹೋಗಡ. ಅದಕ್ಕೆ ನಿನ್ನ ಕಂಡ್ರೆ ಹೆದ್ರಿಕೆ ಇರವು ಮಾಣಿ, ಇಲ್ದಿದ್ರೆ ಅದು ಬದುಕ್ತಿಲ್ಲೆ" ಅಂದಳು. ಸೊಪ್ಪನ್ನು ಗೋಡೆಯ ಆಚೆಯಿಂದಲೇ ಎಸೆಯಬೇಕು, ಮಾತಾಡಿಸಬಾರದು, ನಾಯಿಯನ್ನು ಹತ್ತಿರ ಬಿಡಬಾರದು. ನಾನು ಹೂಂ ಅಂದೆ. ರಾತ್ರಿ ಎಲ್ಲರೂ ಮಲಗಿದ ಮೇಲೆ ಕಂಬಳಿ ತೆಗೆದುಕೊಂಡು ಹೋಗಿ ಅದರ ಪಕ್ಕದಲ್ಲೇ ಮಲಗುತ್ತಿದ್ದೆ. ಕಣ್ಣಿನ ಕೆಳಗೆ ಉಗುರಲ್ಲಿ ಸೀಳಿದ ಹಾಗೆ ಒಂದು ಗುಳಿ ಇರುತ್ತದೆ ಕಾಡುಕುರಿಗೆ. ಅದನ್ನು ಬೆರಳಲ್ಲಿ ಸವರಿದರೆ ಮರಿ ಕಣ್ಣು ಮುಚ್ಚುತ್ತಿತ್ತು. ನಮ್ಮ ನಾಯಿಯೂ ಬಂದು ನಮ್ಮಿಬ್ಬರ ಕಾಲ ಬುಡದಲ್ಲಿ ಸುರುಳಿ ಸುತ್ತಿಕೊಳ್ಳುತ್ತಿತ್ತು.

ಮಳೆಗಾಲ ಮುಗಿದ ಮೇಲೆ ಬೆಟ್ಟಕ್ಕೆ ಬಿಟ್ಟೆವು. ನಿನ್ನ ಕಥೆಯ ಹಾಗೆಯೇ ತಿರುಗಿ ಬಂತು. ನನಗೆ ಹಿಡಿಸಲಾರದ ಖುಷಿ. ಅಜ್ಜಿ ಮಾತಾಡಲಿಲ್ಲ. ಹದಿನೈದು ದಿನದ ನಂತರ ಪಕ್ಕದ ಊರಿನವರೊಬ್ಬರು ಹೇಳಿಕಳಿಸಿದರು. ಮರಿ ಅವರ ಅಂಗಳಕ್ಕೆ ತಾನಾಗಿ ಬಂದಿತ್ತಂತೆ, ನಾಯಿಗಳನ್ನು ಕಂಡು ಓಡುವುದಿರಲಿ, ಬಾಲ ಆಡಿಸುತ್ತ ಅವುಗಳ ಹತ್ತಿರವೇ ಹೋಯಿತಂತೆ.

ಭಾಗವತದಲ್ಲಿ ಭರತ ರಾಜನ ಕಥೆ ಕೇಳಿದ್ದೀಯಲ್ಲ. ರಾಜ್ಯ ಬಿಟ್ಟು ಗಂಡಕಿಯ ದಂಡೆಗೆ ತಪಸ್ಸಿಗೆ ಹೋದವನು ಜಿಂಕೆ ಮರಿ ಸಾಕಿ, ಅದರ ಮೋಹದಲ್ಲೇ ಸತ್ತು, ಮುಂದಿನ ಜನ್ಮದಲ್ಲಿ ತಾನೇ ಜಿಂಕೆಯಾದ. ಪುರಾಣ ಹೇಳುವವರು ಭರತನಿಗೇನಾಯಿತು ಅಂತ ಗಂಟೆಗಟ್ಟಲೆ ಹೇಳುತ್ತಾರೆ. ಆ ಮರಿಗೇನಾಯಿತು ಅಂತ ಕೇಳಿದವರನ್ನು ನಾನು ಕಂಡಿಲ್ಲ.

ಸಣ್ಣವಳಿದ್ದಾಗ 'ಫ್ರೀ ವಿಲ್ಲಿ' ಸಿ.ಡಿ. ಹಾಕಿಕೊಡು ಅಂತ ಜೀವ ತಿನ್ನುತ್ತಿದ್ದೆ, ನೆನಪಿದೆಯೆ? ತಿಮಿಂಗಿಲ ಹುಡುಗನ ತಲೆಯ ಮೇಲಿಂದ ಹಾರಿ ಸಮುದ್ರ ಸೇರುತ್ತದೆ. ಸಿನಿಮಾ ಬಂದದ್ದು 1993ರಲ್ಲಿ. ಅದರಲ್ಲಿ ನಟಿಸಿದ ಓರ್ಕಾ ತಿಮಿಂಗಿಲದ ಹೆಸರು ಕೇಕೊ. 1979ರಲ್ಲಿ ಐಸ್‌ಲ್ಯಾಂಡಿನ ಹತ್ತಿರ ಮರಿಯಾಗಿದ್ದಾಗಲೇ ಹಿಡಿದದ್ದು. ಸಿನಿಮಾ ಗೆದ್ದಾಗಲೂ ಅದು ಮೆಕ್ಸಿಕೋದ ಇಕ್ಕಟ್ಟಾದ ಕೊಳದಲ್ಲಿ ಚರ್ಮರೋಗ ಹತ್ತಿಸಿಕೊಂಡು ಇತ್ತು. ಮಕ್ಕಳು ಹಟ ಹಿಡಿದರು, ಹಣ ಕೂಡಿತು. 1996ರಲ್ಲಿ ಅಮೆರಿಕಕ್ಕೆ, 1998ರಲ್ಲಿ ಐಸ್‌ಲ್ಯಾಂಡಿಗೆ ಸಾಗಿಸಿದರು, 2002ರಲ್ಲಿ ಸಮುದ್ರಕ್ಕೆ ಹೋಯಿತು. ಹೋದದ್ದೆಲ್ಲಿಗೆ? ಸಾವಿರ ಕಿಲೋಮೀಟರಿಗೂ ಹೆಚ್ಚು ಈಜಿ ನಾರ್ವೆಯ ದಂಡೆಗೆ ಬಂದು ಜನರನ್ನೇ ಹುಡುಕಿಕೊಂಡಿತು. ಮಕ್ಕಳನ್ನು ಬೆನ್ನ ಮೇಲೆ ಹತ್ತಿಸಿಕೊಂಡಿತು. 2003ರ ಡಿಸೆಂಬರಿನಲ್ಲಿ ನ್ಯುಮೋನಿಯಾದಿಂದ ಸತ್ತಿತು. ಇದನ್ನು ಓದಿದ ರಾತ್ರಿ ನನಗೆ ಕೊಟ್ಟಿಗೆಯ ನೆನಪಾಗಿ ನಿದ್ದೆ ಬರಲಿಲ್ಲ.

ಹಾಗಂತ ಸಿನಿಮಾ ಬೇಡ ಅನ್ನುತ್ತಿಲ್ಲ. ಮಾಡು. ನಿನ್ನ ಹುಡುಗನೂ ಕದ್ದು ಹೋಗಿ ಮಲಗಲಿ, ಅಷ್ಟು ಆಸೆ ಮಕ್ಕಳಿಗೆ ಇದ್ದೇ ಇರುತ್ತದೆ. ಆದರೆ ಒಂದು ರಾತ್ರಿ ಕಂಬಳಿ ಹಿಡಿದುಕೊಂಡು ಬಾಗಿಲ ತನಕ ಬಂದವನು ವಾಪಸು ಹೋಗಲಿ. ಸಿನಿಮಾ ಇರುವುದು ಆ ಬಾಗಿಲಲ್ಲಿ ಅಂತ ನನಗನ್ನಿಸುತ್ತದೆ. ಕೊನೆಯಲ್ಲಿ ಮರಿ ತಿರುಗಿ ನೋಡುವುದು ಬೇಡ. ಹುಡುಗ ಒಂದು ಹೆಜ್ಜೆ ಮುಂದಿಟ್ಟರೆ ಬೆದರಿ ಓಡಿಹೋಗಲಿ.

ಇನ್ನೊಂದು. ನಿಜವಾದ ಮರಿ ತಂದು ಶೂಟಿಂಗ್ ಮಾಡುವ ಯೋಚನೆ ಇದ್ದರೆ ಇವತ್ತೇ ಬಿಡು. ಕಾಡುಪ್ರಾಣಿ ಇಟ್ಟುಕೊಳ್ಳುವುದೇ ಅಪರಾಧ. ಸಾಕುಪ್ರಾಣಿಯನ್ನು ತೋರಿಸುವುದಕ್ಕೂ 2001ರ ನಿಯಮದ ಪ್ರಕಾರ ಪ್ರಾಣಿ ಕಲ್ಯಾಣ ಮಂಡಳಿಯ ಒಪ್ಪಿಗೆ ಮೊದಲೇ ಆಗಬೇಕು. ಆಡಿನ ಮರಿಯೇ ಆದರೂ ಕಾಗದಪತ್ರ ಸರಿ ಮಾಡಿಕೋ. ನನ್ನ ಕೇಳಿದರೆ ಮರಿಯನ್ನು ಪೂರ್ತಿ ತೋರಿಸಲೇಬೇಡ. ದರಕಿನ ಮೇಲೆ ಗೊರಸಿನ ಸದ್ದು, ಹಾಳೆ ಕಟ್ಟಿದ ಕಾಲು, ದೂರದಲ್ಲಿ ತಾಯಿಯ ಕೂಗು, ಇಷ್ಟಿದ್ದರೆ ಸಾಕು.

ಆ ಕೂಗು ಯಾವುದೋ ಕಂಪ್ಯೂಟರಿನಿಂದ ತೆಗೆಯಬೇಡ. ಅಡಿಕೆಯ ಕೊನೆಕೊಯ್ಲು ಮುಗಿದು ದರಕು ಉದುರುವ ಹೊತ್ತಿಗೆ ಬಾ. ನಮ್ಮ ಬೆಟ್ಟದ ತುದಿಯಲ್ಲಿ ಸಂಜೆ ಸುಮ್ಮನೆ ಕೂತರೆ ಈಗಲೂ ಕೇಳುತ್ತದೆ. ರೆಕಾರ್ಡ್ ಮಾಡುವ ಯಂತ್ರ ತಾ. ಜೊತೆಗೆ ಬರುವವರು ಇಬ್ಬರಿಗಿಂತ ಹೆಚ್ಚು ಬೇಡ. ನಾಯಿಯನ್ನು ನಾನು ಕಟ್ಟಿಹಾಕಿರುತ್ತೇನೆ.

ಇಂತಿ,
ನಿನ್ನ ದೊಡ್ಡಪ್ಪ