ಟ್ಯಾಂಕ್ ಇಲ್ಲದ ಯುದ್ಧದ ಸಿನಿಮಾ

ಸಂಪಾದಕರಿಗೆ ನಮಸ್ಕಾರ,

ಹೋದ ಭಾನುವಾರದ ಪುರವಣಿಯಲ್ಲಿ ಎರಡನೇ ಮಹಾಯುದ್ಧದ ಸಿನಿಮಾಗಳ ಪಟ್ಟಿ ಹಾಕಿದ್ರಿ, ಕಾಫಿ ಆರಿಹೋಗೋವರೆಗೂ ಕೂತು ಓದ್ದೆ, ಆದ್ರೆ ಎಷ್ಟು ಹುಡುಕಿದ್ರೂ ಇಟಲಿಯ ನಿರ್ದೇಶಕ ರೊಸೆಲಿನಿಯ ‘ರೋಮ್, ಓಪನ್ ಸಿಟಿ’ ಸಿಗಲಿಲ್ಲ. ಎಲ್ಲಾ ಕಲರ್ ಸಿನಿಮಾಗಳೇ, ಟ್ಯಾಂಕು, ವಿಮಾನ, ಬಾಂಬು. ಕಪ್ಪು-ಬಿಳುಪು ಅಂತ ಬಿಟ್ರೋ ಏನೋ.

ಇದರಲ್ಲಿ ಯುದ್ಧಭೂಮಿನೇ ಇಲ್ಲ, ಒಂದು ವಠಾರ ಇದೆ. ನಾಜಿಗಳ ಕೈಲಿರೋ ರೋಮ್‌ನಲ್ಲಿ ಬ್ರೆಡ್ಡಿಗಾಗಿ ಬೇಕರಿಗೆ ನುಗ್ಗೋ ಹೆಂಗಸರು, ಪ್ರಿಂಟಿಂಗ್ ಕೆಲಸದವನು, ಊರುಗೋಲು ಹಿಡ್ಕೊಂಡೇ ಮಕ್ಕಳ ಗ್ಯಾಂಗ್ ನಡೆಸೋ ಹುಡುಗ, ಕ್ರಾಂತಿಕಾರಿಗಳಿಗೆ ಪುಸ್ತಕದೊಳಗೆ ದುಡ್ಡಿಟ್ಟು ಸಾಗಿಸೋ ಪಾದ್ರಿ, ಇಷ್ಟೇ ಜನ. ಶೂಟಿಂಗ್ ಶುರುವಾಗಿದ್ದು 1945ರ ಜನವರಿಯಲ್ಲಿ, ಅಂದ್ರೆ ರೋಮ್ ಬಿಡುಗಡೆಯಾಗಿ ಏಳು ತಿಂಗಳು ಅಷ್ಟೇ, ಉತ್ತರ ಇಟಲಿಯಲ್ಲಿ ಮುಸೊಲಿನಿ ಇನ್ನೂ ಜರ್ಮನರ ಬೆಂಬಲದಲ್ಲಿ ಕೂತೇ ಇದ್ದ! ಸರ್ವಾಧಿಕಾರಿ ಸತ್ತು ಮಣ್ಣಾದ ಮೇಲೆ ಧೈರ್ಯದ ಸಿನಿಮಾ ಮಾಡೋರು ಬೇಕಾದಷ್ಟು ಜನ ಸಿಗ್ತಾರೆ ಬಿಡಿ. ಇವರಿಗೆ ಫಿಲ್ಮ್ ರೋಲ್ ಸಿಗೋದೇ ಕಷ್ಟ ಆಗಿತ್ತು, ರೋಮ್‌ನ ದೊಡ್ಡ ಸಿನಿಮಾ ಸ್ಟುಡಿಯೋ ಚಿನೆಚಿತ್ತಾ ನಿರಾಶ್ರಿತರ ಕ್ಯಾಂಪ್ ಆಗಿತ್ತು.

ಪಾದ್ರಿ ಪಾತ್ರ ಮಾಡಿದ ಆಲ್ಡೋ ಫಾಬ್ರಿಜಿ ಆ ಕಾಲದ ಕಾಮಿಡಿ ನಟ, ನಮ್ಮ ನರಸಿಂಹರಾಜು ಅವರಿಗೆ ಇಂಥ ಪಾತ್ರ ಕೊಟ್ರೆ ಹೇಗಿರುತ್ತೋ ಹಾಗೆ ಅಂದ್ಕೊಳ್ಳಿ. ರೇಡ್ ಮಾಡೋಕೆ ಬಂದವರ ಕಣ್ಣು ತಪ್ಪಿಸಬೇಕು, ಹಾಸಿಗೆ ಹಿಡಿದ ಅಜ್ಜನಿಗೆ ಕೊನೇ ಪ್ರಾರ್ಥನೆ ಹೇಳ್ತಿದೀನಿ ಅನ್ನೋ ನಾಟಕ, ಆದ್ರೆ ಅಜ್ಜ ಸುಮ್ನೆ ಸಾಯೋ ಹಾಗೆ ಮಲಗಬೇಕಲ್ಲ, ಕೂಗಾಡ್ತಾನೆ, ಕೊನೆಗೆ ಬಾಣಲೆಯಲ್ಲಿ ತಲೆಗೊಂದು ಬಿಡಬೇಕಾಗುತ್ತೆ. ಗೊಳ್ಳಂತ ನಗ್ತೀರಿ. ಆ ನಗು ಇನ್ನೂ ಬಾಯಲ್ಲೇ ಇರುವಾಗ, ಅವತ್ತೇ ಮದುವೆ ಆಗಬೇಕಿದ್ದ ಬಸುರಿ ಪೀನಾ, ತನ್ನ ಗಂಡಾಗೋನನ್ನ ತುಂಬ್ಕೊಂಡು ಹೋಗ್ತಿರೋ ಲಾರಿ ಹಿಂದೆ ಓಡ್ತಾಳೆ, ಗುಂಡು, ಬಿದ್ದೇಬಿಟ್ಳು. ಸ್ಲೋ ಮೋಷನ್ ಇಲ್ಲ, ಡೈಲಾಗ್ ಇಲ್ಲ. ಸಿನಿಮಾ ಇನ್ನೂ ಅರ್ಧ ಬಾಕಿ ಇದೆ, ಆದ್ರೆ ಪೀನಾ ಪಾತ್ರ ಮಾಡಿದ ಅನಾ ಮಾನ್ಯಾನಿ ಮತ್ತೆ ಬರಲ್ಲ. ಮೊದಲ ಸಲ ನೋಡಿದಾಗ ನಾನು ಅವಳು ಏಳ್ತಾಳೇನೋ ಅಂತ ಕಾದಿದ್ದೆ, ಸುಳ್ಳಲ್ಲ. ಇದು ಬರೀ ಕಲ್ಪನೆಯೂ ಅಲ್ಲ, 1944ರ ಮಾರ್ಚಲ್ಲಿ ತೆರೇಸಾ ಗುಲ್ಲಾಚೆ ಅನ್ನೋ ಬಸುರಿ ಹೆಂಗಸು ಸೆರೆಸಿಕ್ಕ ಗಂಡನ ಹತ್ರ ಹೋಗೋಕೆ ನೋಡಿ ರೋಮ್‌ನಲ್ಲೇ ಗುಂಡಿಗೆ ಬಲಿಯಾಗಿದ್ಳು.

ಕಥೆ ಹೇಳಿಬಿಟ್ಟ ಅಂತ ಓದುಗರು ಬೈಬಾರದು, ಕೊನೇದು ಹೇಳಿಲ್ಲ.

ಮುಂದಿನ ಸಲ ಪಟ್ಟಿ ಮಾಡುವಾಗ ಇದನ್ನ ಸೇರಿಸಿ ಸಾರ್. ಜಾಗ ಸಾಲಲ್ಲ ಅಂದ್ರೆ ಆ ಟ್ಯಾಂಕ್ ಸಿನಿಮಾಗಳಲ್ಲಿ ಒಂದನ್ನ ತೆಗೀರಿ, ಯಾರಿಗೂ ಗೊತ್ತಾಗಲ್ಲ.

– ನಿಮ್ಮ ಹಳೇ ಓದುಗ, ಮೈಸೂರು